ಪೆನ್ ಟ್ಯಾಬ್ಲೆಟ್‌ನಲ್ಲಿ ಬರೆದದ್ದು ಪರದೆಗೆ ಬರುವ ಬಗೆ

ಸೂಕ್ಷ್ಮ ಬೋಧನೆಯಲ್ಲಿ ನಾವೆಲ್ಲ ಅಭ್ಯಾಸ ಮಾಡುವ ಕೌಶಲಗಳಲ್ಲಿ ಕಪ್ಪುಹಲಗೆ ಬಳಕೆಯೂ ಒಂದು. ಅಕ್ಷರ ಸ್ಪಷ್ಟವಾಗಿದೆಯೇ, ಸಾಲು ನೇರವಾಗಿದೆಯೇ, ಕೊನೆಯ ಬೆಂಚಿಗೂ ಕಾಣುತ್ತದೆಯೇ ಎಂದು ಮಾರ್ಗದರ್ಶಕರು ವೀಕ್ಷಣಾ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಸೀಮೆಸುಣ್ಣದಲ್ಲಿ ಬರೆಯುವಾಗ ಈ ಮೂರಕ್ಕೂ ಬರೆಯುವ ಕೈಯೇ ಹೊಣೆ. ಕೈಗೂ ಹಲಗೆಗೂ ನಡುವೆ ಮತ್ತಾರೂ ಇಲ್ಲ.

ಈಗ ಅಭ್ಯಾಸ ಶಾಲೆಗಳ ಕೆಲವು ಕೊಠಡಿಗಳಲ್ಲಿ ಪ್ರೊಜೆಕ್ಟರ್ ಇದೆ. ನಮ್ಮಲ್ಲಿ ಕೆಲವರ ಚೀಲದಲ್ಲಿ ಪೆನ್ ಟ್ಯಾಬ್ಲೆಟ್ ಕೂಡ ಇದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಆನ್‌ಲೈನ್ ಪಾಠಕ್ಕೆಂದು ಶಿಕ್ಷಕರನೇಕರು ಕೊಂಡ ಸಾಧನವಿದು. ಮೊಬೈಲಿನ ದೊಡ್ಡಣ್ಣನಂತಿರುವ ಟ್ಯಾಬ್ ಬೇರೆ, ಇದು ಬೇರೆ. ಇದಕ್ಕೆ ಪರದೆ ಇಲ್ಲ. ಸ್ಲೇಟಿನಂಥ ಕಪ್ಪು ಫಲಕದ ಮೇಲೆ ಸ್ಟೈಲಸ್‌ನಿಂದ ಬರೆದರೆ ಗೆರೆ ಕಂಪ್ಯೂಟರಿನ ಪರದೆಯಲ್ಲಿ ಮೂಡುತ್ತದೆ. ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ. ಈ ಏರ್ಪಾಡು ಹೊಸದೇನಲ್ಲ. 1963ರಲ್ಲಿ ಐವಾನ್ ಸದರ್ಲೆಂಡ್ ಅವರ ಸ್ಕೆಚ್‌ಪ್ಯಾಡ್ ತಂತ್ರಾಂಶದಲ್ಲಿ ಬೆಳಕಿನ ಪೆನ್ನನ್ನು ನೇರವಾಗಿ ಪರದೆಗೇ ಹಿಡಿಯಬೇಕಿತ್ತು. ಮರುವರ್ಷ ಬಂದ ರ‍್ಯಾಂಡ್ ಟ್ಯಾಬ್ಲೆಟ್ ಬರೆಯುವ ಫಲಕವನ್ನು ಮೇಜಿನ ಮೇಲೆ ಇಟ್ಟಿತು. ತರಗತಿಯಲ್ಲಿ ಇದರ ದೊಡ್ಡ ಲಾಭವೆಂದರೆ ಬರೆಯುವಾಗ ಮಕ್ಕಳಿಗೆ ಬೆನ್ನು ತಿರುಗಿಸಬೇಕಾಗಿಲ್ಲ.

ನಷ್ಟವೂ ಇದೆ. ಸ್ಟೈಲಸ್ ಎಳೆದ ಗೆರೆ ಪರದೆಗೆ ಬರುವಷ್ಟರಲ್ಲಿ ನಾಲ್ಕು ಕೈ ದಾಟುತ್ತದೆ. ಫಲಕದೊಳಗಿನ ವಿದ್ಯುನ್ಮಂಡಲ ಮೊದಲನೆಯದು, ಡ್ರೈವರ್ ಎರಡನೆಯದು, ಆಪರೇಟಿಂಗ್ ಸಿಸ್ಟಂ ಮೂರನೆಯದು, ನಾವು ತೆರೆದಿಟ್ಟುಕೊಂಡ ಬರವಣಿಗೆಯ ತಂತ್ರಾಂಶ ಕೊನೆಯದು. ಇವುಗಳಲ್ಲಿ ಯಾವುದೇ ಒಂದು ಸ್ಟೈಲಸ್ಸನ್ನು ಮೌಸ್ ಎಂದು ಭಾವಿಸಿದರೆ ನಾವು ಬರೆದದ್ದರಲ್ಲಿ ಒಂದಷ್ಟು ದಾರಿಯಲ್ಲೇ ಉದುರಿಹೋಗುತ್ತದೆ. ಉದುರಿದ್ದು ಎಲ್ಲಿ ಎಂದು ಪತ್ತೆಹಚ್ಚುವಷ್ಟು ತಿಳಿವಳಿಕೆ ಶಿಕ್ಷಕರಿಗೆ ಬೇಕು. ಈ ಬರಹ ಅದರ ಬಗ್ಗೆ.

ಬ್ಯಾಟರಿ ಇಲ್ಲದ ಪೆನ್ನು ಮಾತಾಡುವುದು ಹೇಗೆ?

ರಬ್ಬರ್ ತುದಿಯ ಅಗ್ಗದ ಸ್ಟೈಲಸ್‌ಗಳನ್ನು ಮೊದಲು ಬದಿಗಿಡೋಣ. ಅವು ಬೆರಳಿನ ವೇಷ ಹಾಕಿದ ಕಡ್ಡಿಗಳು, ಅಷ್ಟೆ. ಮೊಬೈಲ್ ಪರದೆಗೆ ಅವು ಬೆರಳಾಗಿಯೇ ಕಾಣುತ್ತವೆ, ಒತ್ತಡದ ಸುದ್ದಿಯನ್ನು ಹೇಳುವುದಿಲ್ಲ.

ಪೆನ್ ಟ್ಯಾಬ್ಲೆಟ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿದ್ಯುತ್ಕಾಂತೀಯ ಅನುರಣನದ ವಿಧಾನ. ಜಪಾನಿನ ವಾಕಾಮ್ ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಫಲಕದ ಅಡಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ತಂತಿಸುರುಳಿಗಳ ಜಾಲವಿದೆ. ಅದು ಕ್ಷಣಹೊತ್ತು ಪರ್ಯಾಯ ಕಾಂತಕ್ಷೇತ್ರವನ್ನು ಉಂಟುಮಾಡಿ ಸುಮ್ಮನಾಗುತ್ತದೆ, ಆಮೇಲೆ ಕಿವಿಗೊಡುತ್ತದೆ. ಪೆನ್ನಿನೊಳಗೆ ಒಂದು ಸುರುಳಿ ಮತ್ತು ಒಂದು ಧಾರಕ ಸೇರಿದ ಅನುರಣನ ಮಂಡಲ ಇರುತ್ತದೆ. ಶ್ರುತಿ ಮಾಡಿಟ್ಟ ತಂಬೂರಿಯ ಒಂದು ತಂತಿ ಮೀಟಿದರೆ ಪಕ್ಕದ ತಂತಿಯೂ ಮಿಡಿಯುವಂತೆ, ಫಲಕದ ಕ್ಷೇತ್ರಕ್ಕೆ ಪೆನ್ನಿನ ಮಂಡಲ ಮಿಡಿದು ತಾನೂ ಕ್ಷೀಣವಾದ ಸಂಕೇತವನ್ನು ಹಿಂದಿರುಗಿಸುತ್ತದೆ. ಯಾವ ಸುರುಳಿಗೆ ಆ ಮರುದನಿ ಜೋರಾಗಿ ಕೇಳಿಸಿತೋ ಪೆನ್ನು ಅದರ ಹತ್ತಿರ ಇದೆ. ಅಕ್ಕಪಕ್ಕದ ಸುರುಳಿಗಳಿಗೆ ಎಷ್ಟು ಕೇಳಿಸಿತು ಎಂಬುದನ್ನು ಹೋಲಿಸಿ ಫಲಕವು ನಿಖರ ಸ್ಥಾನವನ್ನು ಲೆಕ್ಕ ಹಾಕುತ್ತದೆ.

ತುದಿಯನ್ನು ಒತ್ತಿದಾಗ ಪೆನ್ನಿನೊಳಗಿನ ಬಿಡಿಭಾಗ ಕೊಂಚ ಸರಿದು ಧಾರಕತೆ ಬದಲಾಗುತ್ತದೆ. ಕೆಲವು ಮಾದರಿಗಳಲ್ಲಿ ಬದಲಾಗುವುದು ಪ್ರೇರಕತೆ. ಎರಡರಲ್ಲಿ ಯಾವುದು ಬದಲಾದರೂ ಅನುರಣನ ಆವೃತ್ತಿ ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯೇ ಒತ್ತಡದ ಅಳತೆ. ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಪರೀಕ್ಷೆಗೆಂದು ಉರುಹೊಡೆದ ಎಲ್‌ಸಿ ಮಂಡಲದ ಸೂತ್ರ ಇಲ್ಲಿ ಕೈಯಲ್ಲಿ ಹಿಡಿಯುವಂತೆ ಸಿಗುತ್ತದೆ. ಅನುರಣನ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಪೆನ್ನು ಫಲಕವನ್ನು ಮುಟ್ಟದೆ ಸುಮಾರು ಒಂದು ಸೆಂಟಿಮೀಟರ್ ಮೇಲಿದ್ದರೂ ಅದರ ಸ್ಥಾನ ತಿಳಿಯುತ್ತದೆ. ಪರದೆಯ ಮೇಲಿನ ಬಾಣದ ಗುರುತು ಬರೆಯುವ ಮೊದಲೇ ಕೈಯನ್ನು ಹಿಂಬಾಲಿಸುವುದು ಇದರಿಂದ. ಒಟ್ಟಿನಲ್ಲಿ ಮೌಸ್ ಹೇಳುವುದು ಎಷ್ಟು ಸರಿದೆ, ಯಾವ ಗುಂಡಿ ಒತ್ತಿದೆ ಎಂಬುದನ್ನು ಮಾತ್ರ. ಪೆನ್ನು ಎಲ್ಲಿದ್ದೇನೆ, ಮುಟ್ಟಿದ್ದೇನೆಯೋ ಇಲ್ಲವೋ, ಎಷ್ಟು ಒತ್ತುತ್ತಿದ್ದೇನೆ ಎಂದು ಹೇಳುತ್ತದೆ. ಕೆಲವು ಪೆನ್ನುಗಳು ಎಷ್ಟು ಓರೆಯಾಗಿದ್ದೇನೆ, ಬರೆಯುವ ತುದಿಯೋ ಅಳಿಸುವ ತುದಿಯೋ ಎಂಬುದನ್ನೂ ಹೇಳುತ್ತವೆ. ಪೆಟ್ಟಿಗೆಯ ಮೇಲೆ 8192 ಒತ್ತಡದ ಹಂತಗಳು ಎಂದು ಬರೆದಿರುವುದು 2ರ 13ನೇ ಘಾತ. ತಂತ್ರಾಂಶ ಅದನ್ನು ಸಾಮಾನ್ಯವಾಗಿ 0ಯಿಂದ 1ರ ನಡುವಿನ ಸಂಖ್ಯೆಯಾಗಿ ಪಡೆಯುತ್ತದೆ.

ದನವಾದ ಧನ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಸಹಪಾಠಿಯೊಬ್ಬರ ಎಂಟನೇ ತರಗತಿಯ ಪಾಠಕ್ಕೆ ವೀಕ್ಷಕಳಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸ್ಥಿರ ವಿದ್ಯುತ್ತಿನ ಪಾಠ. ಪೆನ್ ಟ್ಯಾಬ್ಲೆಟ್‌ನಲ್ಲಿ ಬರೆಯುತ್ತ, ಬಾಚಣಿಗೆ, ಬಲೂನು ಎಲ್ಲ ತೋರಿಸುತ್ತ ಪಾಠ ಚೆನ್ನಾಗಿಯೇ ಸಾಗಿತ್ತು. ಪಕ್ಕದಲ್ಲಿದ್ದ ಹುಡುಗಿಯ ನೋಟ್ಸಿನತ್ತ ಕಣ್ಣು ಹಾಯಿಸಿದರೆ ‘ದನ ವಿದ್ಯುದಾವೇಶ’ ಎಂದು ದುಂಡಗೆ ಬರೆದಿದ್ದಳು. ಪರದೆ ನೋಡಿದೆ. ಅಲ್ಲಿಯೂ ದನವೇ ನಿಂತಿತ್ತು. ಸಹಪಾಠಿಯ ಕೈ ದಕಾರದ ಹೊಟ್ಟೆ ಸೀಳಿದ್ದನ್ನು ನಾನೇ ಕಂಡಿದ್ದೆ. ಸೀಳು ಪರದೆಗೆ ಬಂದಿರಲಿಲ್ಲ.

ಕನ್ನಡದಲ್ಲಿ ಹಲವು ಅಲ್ಪಪ್ರಾಣ, ಮಹಾಪ್ರಾಣಗಳ ನಡುವೆ ಇರುವುದು ಅಡಿಯಲ್ಲಿ ಹಾಕುವ ಒಂದು ಪುಟ್ಟ ಗೀಟು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ, ಬ ಮತ್ತು ಭ. ಧಕಾರದೊಳಗೆ ಒಂದು ಚುಕ್ಕೆ ಬಿದ್ದರೆ ಥ. ಗೀಟು ಉದುರಿದರೆ ಭಾರ ಬಾರವಾಗುತ್ತದೆ, ಫಲ ಪಲವಾಗುತ್ತದೆ. ಗಣಿತದಲ್ಲಿ ಇನ್ನೂ ಕಷ್ಟ. 9.8ರ ಬಿಂದು ಹೋದರೆ 98. ಮಾತಿನಲ್ಲಿ ಮಹಾಪ್ರಾಣವನ್ನು ಅಷ್ಟಾಗಿ ಉಚ್ಚರಿಸದ ಮನೆಗಳಿಂದ ಬರುವ ಮಗುವಿಗೆ ಕಿವಿಯಿಂದ ಸಹಾಯವಿಲ್ಲ, ಹಲಗೆಯಲ್ಲಿ ಕಂಡದ್ದೇ ಆಧಾರ. ಅದು ಕಂಡದ್ದನ್ನು ಕಂಡಂತೆ ಬರೆದುಕೊಳ್ಳುತ್ತದೆ. ವಾರದ ನಂತರ ನೋಟ್ಸ್ ತಿದ್ದುವವರು ಅದನ್ನೇ ಮಗುವಿನ ಕಾಗುಣಿತದ ತಪ್ಪೆಂದು ಕೆಂಪು ಶಾಯಿಯಲ್ಲಿ ಸುತ್ತುತ್ತಾರೆ.

ಪುಟ್ಟ ಗೀಟು ಉದುರುವುದಕ್ಕೆ ನನಗೆ ತಿಳಿದಂತೆ ಮೂರು ಮುಖ್ಯ ಕಾರಣಗಳಿವೆ.

ಒಂದು, ಮೌಸ್‌ಗಾಗಿ ಬರೆದ ತಂತ್ರಾಂಶದ ಹಳೆಯ ರೂಢಿ. ಮೌಸ್ ಗುಂಡಿ ಒತ್ತಿದಾಗ ಕೈ ಒಂದೆರಡು ಪಿಕ್ಸೆಲ್ ಅಲುಗಿಯೇ ಅಲುಗುತ್ತದೆ. ಅದನ್ನು ಎಳೆತವೆಂದು ತಪ್ಪಾಗಿ ತಿಳಿಯಬಾರದೆಂದು ತಂತ್ರಾಂಶ ಕೆಲವು ಪಿಕ್ಸೆಲ್‌ಗಳ ಮಿತಿ ಇಟ್ಟುಕೊಂಡಿರುತ್ತದೆ. ಅದಕ್ಕಿಂತ ಕಡಿಮೆ ಸರಿದರೆ ಬರಿಯ ಕ್ಲಿಕ್, ಹೆಚ್ಚು ಸರಿದರೆ ಮಾತ್ರ ಗೆರೆ. ಮೌಸ್‌ಗೆ ಇದು ವಿವೇಕ. ಧಕಾರದ ಸೀಳಿಗೆ ಇದೇ ಮುಳುವು.

ಎರಡು, ಗೆರೆ ಎಳೆಯುವ ಕ್ರಮ. ಹೊಸದಾಗಿ ಪ್ರೋಗ್ರಾಂ ಬರೆಯಲು ಕಲಿತವರು ಸಾಮಾನ್ಯವಾಗಿ ‘ಹಿಂದಿನ ಬಿಂದುವಿನಿಂದ ಈಗಿನ ಬಿಂದುವಿಗೆ ಗೆರೆ ಎಳೆ’ ಎಂದು ಬರೆಯುತ್ತಾರೆ. ಪೆನ್ನು ಇಳಿದು ಸರಿಯದೆ ಎದ್ದರೆ ಎರಡನೇ ಬಿಂದುವೇ ಇಲ್ಲ, ಆದ್ದರಿಂದ ಗೆರೆಯೂ ಇಲ್ಲ. ಚುಕ್ಕೆ ಹುಟ್ಟುವುದೇ ಇಲ್ಲ. ಪೆನ್ನು ಮುಟ್ಟಿದ ಕ್ಷಣವೇ, ಅದು ಸರಿಯುವುದನ್ನು ಕಾಯದೆ, ಗೆರೆಯ ದಪ್ಪದಷ್ಟು ವ್ಯಾಸದ ಒಂದು ದುಂಡು ಚುಕ್ಕೆಯನ್ನು ಇಡಬೇಕು. ಗೆರೆ ಅಲ್ಲಿಂದ ಮುಂದುವರಿದರೆ ಚುಕ್ಕೆ ಅದರಲ್ಲಿ ಸೇರಿಕೊಳ್ಳುತ್ತದೆ, ಮುಂದುವರಿಯದಿದ್ದರೆ ಚುಕ್ಕೆಯಾಗಿ ಉಳಿಯುತ್ತದೆ. ಎರಡು ಸಾಲಿನ ಕೆಲಸ.

ಮೂರು, ಒತ್ತಡ. ಗೆರೆಯ ದಪ್ಪವನ್ನು ಒತ್ತಡಕ್ಕೆ ನೇರ ಅನುಪಾತದಲ್ಲಿ ಇಟ್ಟರೆ ಹಗುರವಾಗಿ ತಟ್ಟಿದ ಬಿಂದುವಿನ ದಪ್ಪ ಸೊನ್ನೆಯ ಹತ್ತಿರ ಇರುತ್ತದೆ. ಬಿಂದು ಇದೆ, ಆದರೆ ಕಾಣುವುದಿಲ್ಲ. ದಪ್ಪಕ್ಕೆ ಕನಿಷ್ಠ ಮಿತಿ ಇಡುವುದೇ ಪರಿಹಾರ. ಶೋರ್ನಲ್ ಪ್ಲಸ್ ಪ್ಲಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಕನಿಷ್ಠ ಒತ್ತಡವನ್ನು ಹೊಂದಿಸುವ ಆಯ್ಕೆಯಿದೆ. ಅದೇ ತಂತ್ರಾಂಶದಲ್ಲಿ ಕೈತಪ್ಪಿ ಬೀಳುವ ಅತಿ ಚಿಕ್ಕ ಗೆರೆಗಳನ್ನು ಸೋಸಿಬಿಡುವ ಆಯ್ಕೆಯೂ ಇದೆ. ಕನ್ನಡ ಬರೆಯುವವರು ಅದನ್ನು ಚಾಲೂ ಮಾಡದಿರುವುದೇ ಕ್ಷೇಮ.

ಇವುಗಳ ಜೊತೆಗೆ ವಿಂಡೋಸ್‌ನದೇ ಒಂದು ಅಭ್ಯಾಸವಿದೆ. ಪೆನ್ನನ್ನು ಒಂದೇ ಕಡೆ ಕ್ಷಣಕಾಲ ಒತ್ತಿ ಹಿಡಿದರೆ ಅದನ್ನು ಮೌಸ್‌ನ ಬಲಗುಂಡಿಯಾಗಿ ಪರಿಗಣಿಸುತ್ತದೆ. ಉಂಗುರವೊಂದು ಸುತ್ತಿ, ಕೈ ಎತ್ತಿದಾಗ ಮೆನು ತೆರೆಯುತ್ತದೆ. ಚುಕ್ಕೆ ಕಾಣಲಿಲ್ಲವೆಂದು ಇನ್ನಷ್ಟು ಹೊತ್ತು ಒತ್ತಿ ಹಿಡಿಯುವವರಿಗೆ ಇದು ತಪ್ಪದೆ ಎದುರಾಗುತ್ತದೆ. ಪೆನ್ ಸೆಟ್ಟಿಂಗ್ಸ್‌ನಲ್ಲಿ ಇದನ್ನು ನಿಲ್ಲಿಸಬಹುದು.

ಆರು ಮೂಲೆಯ ಸೊನ್ನೆ

ಇಂಗ್ಲಿಷ್‌ನ ಎಲ್, ಟಿ ಮುಂತಾದ ಅಕ್ಷರಗಳು ನೇರ ಗೆರೆಗಳಿಂದಾದವು. ನಮ್ಮ ಲಿಪಿ ದುಂಡಗಿನದು. ಆದ್ದರಿಂದ ಒಂದು ಸೆಕೆಂಡಿಗೆ ಎಷ್ಟು ಬಿಂದುಗಳು ತಂತ್ರಾಂಶಕ್ಕೆ ತಲುಪುತ್ತವೆ ಎಂಬುದು ನಮಗೆ ಹೆಚ್ಚು ಮುಖ್ಯ.

ಲೆಕ್ಕ ಮಾಡಿ ನೋಡೋಣ. 3 ಮಿ.ಮೀ. ತ್ರಿಜ್ಯದ ಒಂದು ಸೊನ್ನೆ ಬರೆಯುತ್ತೇವೆ. ಪರಿಧಿ ಸುಮಾರು 19 ಮಿ.ಮೀ. ಪೆನ್ನಿನ ವೇಗ ಸೆಕೆಂಡಿಗೆ 10 ಸೆಂ.ಮೀ. ಎಂದಿಟ್ಟುಕೊಂಡರೆ ಸೊನ್ನೆ ಮುಗಿಯಲು 0.19 ಸೆಕೆಂಡು ಬೇಕು. ಟ್ಯಾಬ್ಲೆಟ್ ಸೆಕೆಂಡಿಗೆ 200 ಬಾರಿ ಸ್ಥಾನ ಹೇಳಿದರೆ ಒಟ್ಟು 38 ಬಿಂದುಗಳು, ಸೊನ್ನೆ ದುಂಡಗಿರುತ್ತದೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ. ತಂತ್ರಾಂಶ ಪ್ರತಿ ಚಿತ್ರಕ್ಕೆ ಒಂದೇ ಬಿಂದುವನ್ನು ತೆಗೆದುಕೊಂಡು ಉಳಿದವನ್ನು ಬಿಟ್ಟರೆ 11 ಬಿಂದುಗಳು ಸಿಗುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ವಿಡಿಯೊ, ಪಿಪಿಟಿ ಎಲ್ಲ ತೆರೆದಿಟ್ಟು ವೇಗ 30ಕ್ಕೆ ಇಳಿದಾಗ ಐದಾರು ಬಿಂದುಗಳು. ನಾವು ಬರೆದದ್ದು ಸೊನ್ನೆ, ಪರದೆಯಲ್ಲಿ ಬಂದದ್ದು ಷಡ್ಭುಜ.

ಕೈ ನಡುಗುತ್ತಿದೆಯೇನೋ ಎಂದು ಪ್ರಶಿಕ್ಷಣಾರ್ಥಿ ಗಾಬರಿಯಾಗಬೇಕಿಲ್ಲ. ನಿಧಾನವಾಗಿ ಅದೇ ಸೊನ್ನೆಯನ್ನು ಬರೆದು ನೋಡಲಿ. ನಿಧಾನಕ್ಕೆ ಬರೆದಾಗ ದುಂಡಗಾಗಿ, ಬೇಗ ಬರೆದಾಗ ಮೂಲೆಮೂಲೆಯಾದರೆ ಬಿಂದುಗಳು ಕಳೆದುಹೋಗುತ್ತಿವೆ ಎಂದರ್ಥ.

ಬ್ರೌಸರಿನಲ್ಲಿ ತೆರೆಯುವ ಬಿಳಿಹಲಗೆಗಳಿಗೆ ಇದಕ್ಕೆ ನಿಯತವಾದ ದಾರಿ ಇದೆ. ಡಬ್ಲ್ಯೂ3ಸಿ ಸಂಸ್ಥೆ 2015ರಲ್ಲಿ ಪಾಯಿಂಟರ್ ಈವೆಂಟ್ಸ್ ಎಂಬ ಮಾನಕವನ್ನು ಶಿಫಾರಸು ಮಾಡಿತು. ಅದರಲ್ಲಿ ಪ್ರತಿಯೊಂದು ಸುದ್ದಿಯ ಜೊತೆಗೂ ಇದು ಮೌಸ್‌ನದೋ, ಬೆರಳಿನದೋ, ಪೆನ್ನಿನದೋ ಎಂಬ ಗುರುತು ಇರುತ್ತದೆ. ಒತ್ತಡ, ಓರೆಗಳೂ ಜೊತೆಯಲ್ಲೇ ಬರುತ್ತವೆ. ಒತ್ತಡ ಅಳೆಯಲಾಗದ ಸಾಧನವಾದರೆ ಗುಂಡಿ ಒತ್ತಿದಾಗ 0.5 ಎಂಬ ಬೆಲೆ ಬರುತ್ತದೆ. ಎಷ್ಟು ಒತ್ತಿದರೂ ಗೆರೆಯ ದಪ್ಪ ಒಂದಿಷ್ಟೂ ಬದಲಾಗದಿದ್ದರೆ ಈ 0.5ನ್ನು ಶಂಕಿಸಬಹುದು. ಒಂದು ಚಿತ್ರದ ಅವಧಿಯಲ್ಲಿ ಒಟ್ಟುಗೂಡಿಸಿಟ್ಟ ಎಲ್ಲ ಬಿಂದುಗಳನ್ನೂ ಕೇಳಿ ಪಡೆಯುವ ಸೌಲಭ್ಯ ಬ್ರೌಸರುಗಳಲ್ಲಿ ಇದೆ. ಕೇಳಿ ಪಡೆಯುವ ತಂತ್ರಾಂಶದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಗೆರೆ ಶುರುವಾಗಿ ಅರ್ಧಕ್ಕೆ ತುಂಡಾಗಿ ಪುಟವೇ ಮೇಲಕ್ಕೆ ಸರಿದರೆ, ಬ್ರೌಸರು ನಮ್ಮ ಬರವಣಿಗೆಯನ್ನು ಪುಟ ಸರಿಸುವ ಚಲನೆಯೆಂದು ತಿಳಿದು ರದ್ದು ಮಾಡಿದೆ ಎಂದು ತಿಳಿಯಬೇಕು. ಬರೆಯುವ ಜಾಗದಲ್ಲಿ ಪುಟ ಸರಿಸಬೇಡ ಎಂದು ತಂತ್ರಾಂಶ ಮೊದಲೇ ಹೇಳಿರಬೇಕಿತ್ತು. ನಾವು ಬಳಕೆದಾರರು ಇದನ್ನು ಸರಿಪಡಿಸಲಾರೆವು, ಬೇರೆ ತಂತ್ರಾಂಶಕ್ಕೆ ಹೋಗುವುದೊಂದೇ ದಾರಿ.

ವಿಂಡೋಸ್‌ನಲ್ಲಿ ಪೆನ್ನಿನ ಸುದ್ದಿ ತಲುಪಲು ಎರಡು ಹಾದಿಗಳಿವೆ. ಹಳೆಯದು ವಿನ್‌ಟ್ಯಾಬ್, ಹೊಸದು ವಿಂಡೋಸ್ ಇಂಕ್. ಡ್ರೈವರ್ ಒಂದು ಹಾದಿಯಲ್ಲಿ ಕಳಿಸಿ ತಂತ್ರಾಂಶ ಇನ್ನೊಂದರಲ್ಲಿ ಕಾದು ಕುಳಿತರೆ ಗೆರೆ ಬರುತ್ತದೆ, ಒತ್ತಡ ಬರುವುದಿಲ್ಲ. ಕ್ರೀಟಾ ಎಂಬ ಮುಕ್ತ ಚಿತ್ರರಚನಾ ತಂತ್ರಾಂಶದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅಲ್ಲೇ ಪೆನ್ನು ಏನೇನು ಹೇಳುತ್ತಿದೆ ಎಂದು ತೋರಿಸುವ ಪರೀಕ್ಷಾ ಕಿಟಕಿಯೂ ಇದೆ. ಕ್ರೀಟಾದಲ್ಲಿ ಪಾಠ ಮಾಡದಿದ್ದರೂ ಆ ಕಿಟಕಿಗಾಗಿ ಅದನ್ನು ಇಟ್ಟುಕೊಳ್ಳಬಹುದು. ದೋಷ ಡ್ರೈವರ್‌ನದೋ ಬರವಣಿಗೆಯ ತಂತ್ರಾಂಶದ್ದೋ ಎಂಬುದಕ್ಕೆ ಅದೊಂದು ಸುಳಿವು.

ವೃತ್ತ ಮೊಟ್ಟೆಯಾಗುವುದು

ವಿಜ್ಞಾನ, ಗಣಿತದವರಿಗೆ ಇದು ಬಲು ಬೇಗ ಗೊತ್ತಾಗುತ್ತದೆ. ಮೌಸ್ ಎಲ್ಲಿಂದ ಹೊರಟರೂ ಸರಿದಷ್ಟು ಸರಿಯುತ್ತದೆ. ಪೆನ್ ಟ್ಯಾಬ್ಲೆಟ್‌ನಲ್ಲಿ ಫಲಕದ ಮೂಲೆಗೆ ಪರದೆಯ ಮೂಲೆ, ನಡುವಿಗೆ ನಡು ಎಂದು ಸ್ಥಾನಗಳು ನಿಗದಿಯಾಗಿರುತ್ತವೆ. ಫಲಕದ ಬರೆಯುವ ಜಾಗ 16 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ ಇದೆ ಎನ್ನಿ. ಪರದೆ 1920 × 1080 ಪಿಕ್ಸೆಲ್. ಅಡ್ಡಕ್ಕೆ ಒಂದು ಸೆಂಟಿಮೀಟರಿಗೆ 120 ಪಿಕ್ಸೆಲ್ ಸಿಕ್ಕರೆ ಉದ್ದಕ್ಕೆ ಸಿಗುವುದು 108. 5 ಸೆಂ.ಮೀ. ವ್ಯಾಸದ ವೃತ್ತ ಪರದೆಯಲ್ಲಿ 600 × 540 ಆಗಿ ತುಸು ಅಗಲವಾಗುತ್ತದೆ. ಇಷ್ಟಾದರೆ ಕಣ್ಣು ಕ್ಷಮಿಸೀತು. ಆದರೆ ಪ್ರೊಜೆಕ್ಟರನ್ನು ಎರಡನೇ ಪರದೆಯಾಗಿ ವಿಸ್ತರಿಸಿದಾಗ, ಹೊಂದಾಣಿಕೆ ಬದಲಿಸದಿದ್ದರೆ, ಫಲಕವು ಎರಡೂ ಪರದೆಗಳನ್ನು ಸೇರಿಸಿ ಒಂದೇ ಎಂದು ಭಾವಿಸಬಹುದು. ಆಗ ಅಡ್ಡಕ್ಕೆ 240, ಉದ್ದಕ್ಕೆ 108. ಅದೇ ವೃತ್ತ 1200 × 540. ಪೀನ ದರ್ಪಣದ ವಕ್ರತಾ ಕೇಂದ್ರವನ್ನು ಅಂಥ ಮೊಟ್ಟೆಯ ಮೇಲೆ ಗುರುತಿಸುವುದು ಹೇಗೆ? ಕೈಬರಹವೂ ಅಡ್ಡಡ್ಡ ಎಳೆದಂತಾಗುತ್ತದೆ, ಬರೆಯಲು ಫಲಕದ ಅರ್ಧ ಮಾತ್ರ ಸಿಗುತ್ತದೆ.

ಡ್ರೈವರ್‌ನಲ್ಲಿ ಪ್ರೊಜೆಕ್ಟರ್‌ನ ಪರದೆಯೊಂದನ್ನೇ ಆರಿಸಿ, ಅನುಪಾತ ಕಾಯ್ದುಕೊಳ್ಳುವ ಆಯ್ಕೆ ಇದ್ದರೆ ಅದನ್ನೂ ಹಾಕಬೇಕು. ಫಲಕದ ಕೆಳಗಿನ 1 ಸೆಂ.ಮೀ. ನಿರುಪಯೋಗಿಯಾಗಿ 16 × 9 ಉಳಿಯುತ್ತದೆ, ಅದು ನಷ್ಟವೇನಲ್ಲ. ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುವಂತೆ ಇಟ್ಟರೆ ಈ ತಾಪತ್ರಯವೇ ಇರುವುದಿಲ್ಲ. ಆದರೆ ಆಗ ಪಾಠ ಯೋಜನೆಯ ಟಿಪ್ಪಣಿಯನ್ನು ನಮ್ಮ ಪರದೆಯಲ್ಲಿ ಮಾತ್ರ ತೆರೆದಿಡಲು ಆಗದು.

ಒತ್ತಡ ಬೇಕೇ?

ಚಿತ್ರಕಾರರಿಗೆ ಒತ್ತಡವೇ ಪ್ರಾಣ. ತರಗತಿಯ ಬರವಣಿಗೆಗೆ ಅದು ಅಷ್ಟಾಗಿ ಬೇಡ ಎಂಬುದು ನನ್ನ ಅಭಿಪ್ರಾಯ. ನಮ್ಮ ಬೋಧಕರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ದಪ್ಪ ತೆಳುವಿನಿಂದ ಅಕ್ಷರಕ್ಕೆ ಜೀವ ಬರುತ್ತದೆ ಎನ್ನುತ್ತಾರೆ. ನಿಜ. ಆದರೆ ಬೆಳಕು ತುಂಬಿದ ಕೊಠಡಿಯಲ್ಲಿ ಪ್ರೊಜೆಕ್ಟರ್‌ನ ತೆಳು ಗೆರೆ ಕೊನೆಯ ಬೆಂಚಿಗೆ ಕಾಣುವುದಿಲ್ಲ. ಮಾತಿನ ಭರದಲ್ಲಿ ಕೈ ಗಟ್ಟಿಯಾಗಿ ಒತ್ತಿದಾಗ ಒತ್ತಕ್ಷರದ ಪುಟ್ಟ ಸುರುಳಿ ಮಸಿ ತುಂಬಿದಂತೆ ಮುಚ್ಚಿಹೋಗುತ್ತದೆ. ಗೆರೆಯ ದಪ್ಪವನ್ನು ಸ್ಥಿರವಾಗಿಟ್ಟು, ಒತ್ತಡವನ್ನು ಪೆನ್ನು ಮುಟ್ಟಿದೆಯೇ ಎಂದು ತಿಳಿಯಲು ಮಾತ್ರ ಬಳಸುವುದು ಬೋಧನೆಗೆ ಹೊಂದುತ್ತದೆ. ವಿಜ್ಞಾನದ ಚಿತ್ರಗಳಿಗೆ ಛಾಯೆ ಬೇಕಾದಾಗ ಬೇರೊಂದು ಬ್ರಷ್ ಇಟ್ಟುಕೊಂಡರಾಯಿತು.

ಪಾಠಕ್ಕೆ ಮೊದಲು

ನಮ್ಮ ಗುಂಪಿನಲ್ಲಿ ಈಗ ಒಂದು ಪರೀಕ್ಷಾ ಸಾಲು ರೂಢಿಯಲ್ಲಿದೆ. ಪಾಠಕ್ಕೆ ಮೊದಲು, ನಮ್ಮ ಲ್ಯಾಪ್‌ಟಾಪಿನಲ್ಲಿ ಅಲ್ಲ, ಅದೇ ಶಾಲೆಯ ಅದೇ ಕಂಪ್ಯೂಟರಿನಲ್ಲಿ, ಪಾಠದಲ್ಲಿ ಬರೆಯುವ ವೇಗದಲ್ಲೇ ಇದನ್ನು ಬರೆಯುತ್ತೇವೆ: ಧನ, ಫಲ, ಭಾರ, ಗಾಢ, ಕಥೆ, 9.8, 0.05, ‘ಆದ್ದರಿಂದ’ ಎಂಬುದರ ಮೂರು ಚುಕ್ಕೆ, ಸಾಲಾಗಿ ನಾಲ್ಕು ಸೊನ್ನೆ, ಕೊನೆಗೆ ಒಂದು ದೊಡ್ಡ ವೃತ್ತ. ಬರೆದವರು ಪರದೆಯನ್ನು ಓದಬಾರದು. ತಾನು ಏನು ಬರೆದೆ ಎಂದು ಗೊತ್ತಿರುವ ಕಣ್ಣಿಗೆ ಇಲ್ಲದ ಸೀಳೂ ಕಾಣುತ್ತದೆ. ಇನ್ನೊಬ್ಬರು ಕೊನೆಯ ಬೆಂಚಿನಲ್ಲಿ ಕುಳಿತು, ಕಂಡದ್ದನ್ನು ಕಂಡಂತೆ ಹಾಳೆಯಲ್ಲಿ ಬರೆದುಕೊಂಡು ಬರಬೇಕು. ಮೂರು ನಿಮಿಷ ಸಾಕು.

ಏನೋ ಉದುರುತ್ತಿದೆ, ಆದರೆ ಗಂಟೆ ಬಾರಿಸಿಯಾಗಿದೆ, ಸೆಟ್ಟಿಂಗ್ಸ್ ಹುಡುಕಲು ಹೊತ್ತಿಲ್ಲ ಎಂದಾದರೆ ಕೈಯನ್ನೇ ತುಸು ಬದಲಿಸಿಕೊಳ್ಳಬಹುದು. ಧಕಾರದ ಸೀಳನ್ನು ಬೇರೆಯಾಗಿ ತಟ್ಟದೆ, ಅಕ್ಷರದ ಒಳಗಿನಿಂದಲೇ ಹೊರಟು ಅಡಿಯ ಗೆರೆ ದಾಟುವಷ್ಟು ಉದ್ದಕ್ಕೆ ಎಳೆಯುವುದು. ದಶಮಾಂಶ ಬಿಂದುವನ್ನು ಕುಟ್ಟುವ ಬದಲು ಪೆನ್ನಿನ ತುದಿಯನ್ನು ಪುಟ್ಟ ಸುರುಳಿಯಾಗಿ ಒಂದು ಸುತ್ತು ತಿರುವುವುದು. ಇಷ್ಟು ಚಲನೆ ಇದ್ದರೆ ಮೌಸ್‌ಗಾಗಿ ಬರೆದ ತಂತ್ರಾಂಶವೂ ಸಾಮಾನ್ಯವಾಗಿ ಅದನ್ನು ಗೆರೆಯೆಂದು ಒಪ್ಪಿಕೊಳ್ಳುತ್ತದೆ.